ಲಾಂಛನದ ತಕ್ಕಡಿ

ಏಣಿ ಹತ್ತಿದ ಕಾರ್ಯದರ್ಶಿ ಹಿತ್ತಾಳೆ ತಕ್ಕಡಿಯ ದಂಡದ ಮೇಲೆ ರಸಮಟ್ಟ ಇಟ್ಟಾಗ ಕೆಳಗೆ ನಿಂತಿದ್ದ ಎರಕದಜ್ಜ ಒಂದು ಹೆಜ್ಜೆ ಹಿಂದೆ ಸರಿದ. ಗಾಜಿನೊಳಗಿನ ಗುಳ್ಳೆ ಒಂದು ಮಗ್ಗುಲಿಗೆ ಜಾರಿದ್ದು ಅಲ್ಲಿಂದ ಕಾಣಲಿಲ್ಲ. ಕಾರ್ಯದರ್ಶಿಯ ಮುಖದಲ್ಲಿ ಕಂಡಿತು. ಮೂವತ್ತೊಂದು ವರ್ಷದಿಂದ ಅಜ್ಜ ಯಾವ ದಿನಕ್ಕೆ ಹೆದರಿದ್ದನೋ ಅದು ಮಟಮಟ ಮಧ್ಯಾಹ್ನವೇ ಬಂದು ನಿಂತಿತ್ತು.

ಅದು ತೂಕ ಮತ್ತು ಅಳತೆಯ ತನಿಖಾಧಿಕಾರಿಗಳ ಸಂಘದ ಕಟ್ಟಡ. ಬಾಗಿಲ ಮೇಲಿನ ಲಾಂಛನ ಅಜ್ಜ ಎರಕ ಹೊಯ್ದದ್ದು. ಗುರಾಣಿ, ಅದರ ನೆತ್ತಿಯಲ್ಲಿ ತೆರೆದ ಕಣ್ಣು, ಎರಡೂ ಪಕ್ಕ ಕೊಕ್ಕರೆ, ಬುಡದಲ್ಲಿ ಅಳತೆಗೋಲು, ನಟ್ಟನಡುವೆ ತಕ್ಕಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಬಟ್ಟು, ಇನ್ನೊಂದರಲ್ಲಿ ಕಾಳಿನ ರಾಶಿ. ಸಂಘದವರು ಈಗ ಪುಸ್ತಕ ಹೊರತರುತ್ತಿದ್ದರು. ಒಂದೊಂದು ಗುರುತಿನ ಅರ್ಥ ಕೇಳಲೆಂದು ಅಜ್ಜನನ್ನು ಕರೆಸಿದ್ದರು. ಕಣ್ಣು ಎಚ್ಚರಕ್ಕೆ, ಕೋಲು ನೇರ ನಡತೆಗೆ, ಕೊಕ್ಕರೆ ತಾಳ್ಮೆಗೆ ಎಂದು ಅವನು ಬಾಯಿಗೆ ಬಂದದ್ದು ಹೇಳಿ ಪಾರಾಗಿದ್ದ. ಆ ಕೊಕ್ಕರೆಗಳನ್ನು ನೋಡಿ ಅಂಗಡಿಯವರು ಬಕಧ್ಯಾನವೆಂದು ನಗುವುದನ್ನು ಮಾತ್ರ ಹೇಳಿರಲಿಲ್ಲ. ತಕ್ಕಡಿಯ ಸರದಿ ಬಂದಾಗ ಮರೆತಿದೆ ಎಂದು ಜಾರಿಕೊಂಡಿದ್ದ. ಚಿತ್ರ ಬರೆಸಲು ಅಳತೆಯಾದರೂ ಸಿಗಲಿ ಎಂದು ಕಾರ್ಯದರ್ಶಿ ಏಣಿ ತರಿಸಿದ್ದ.

ಮೇಣದ ಅಚ್ಚು ಮಾಡಿದವಳು ಅಜ್ಜನ ಹೆಂಡತಿ. ಕಾಳಿನ ಅಂಗಡಿಯವರ ಮಗಳು. ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಅಚ್ಚಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಹಿತ್ತಾಳೆ ಹೊಯ್ಯುವುದು ಎರಕದ ಕ್ರಮ. ಮಣ್ಣು ಮೆತ್ತುವ ಮೊದಲು ಆ ಅಚ್ಚನ್ನು ಅಜ್ಜ ಕುಲುಮೆಯ ಪಕ್ಕದಲ್ಲಿಟ್ಟು ಮರೆತಿದ್ದ. ಎರಕ ಆರಿ, ಮಣ್ಣು ಒಡೆದಾಗ ತಕ್ಕಡಿ ವಾಲಿತ್ತು. ಬಿಸಿಗೆ ಮೇಣ ಕುಸಿದಿದೆ, ತನ್ನದೇ ತಪ್ಪು ಎಂದುಕೊಂಡವನಿಗೆ ಮತ್ತೆ ಅದರ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳು ಮಾತ್ರ ಏನೂ ಅನ್ನದೆ, ಹಾಡು ಗುನುಗುತ್ತ ಹೊಳಪು ಕೊಟ್ಟು ಕಳಿಸಿದಳು. ಎರಡು ವರ್ಷಕ್ಕೆ ಅವಳು ತೀರಿಕೊಂಡಳು. ಅಂದಿನಿಂದ ಅಜ್ಜ ಈ ಬೀದಿ ಬಿಟ್ಟು ಸುತ್ತುಬಳಸಿನ ದಾರಿ ಹಿಡಿದಿದ್ದ.

ಕಾರ್ಯದರ್ಶಿ ಏಣಿಯ ಮೇಲಿಂದಲೇ ರೇಗಿದ. ಊರಿನ ತಕ್ಕಡಿಗಳಿಗೆಲ್ಲ ದಂಡ ಹಾಕುವವರ ಬಾಗಿಲಲ್ಲೇ ಇಂಥದ್ದು, ದೀಪದ ಬುಡದಲ್ಲೇ ಕತ್ತಲೆ ಎಂದ. ಇದನ್ನು ಕರಗಿಸಿ ಬೇರೆ ಹೊಯ್ಯಿಸಬೇಕು ಎಂದ. ಅಜ್ಜನ ಜೊತೆ ಬಂದಿದ್ದ, ಈಗ ಕುಲುಮೆ ನಡೆಸುವ ಸೊಸೆ ಅವನ ಕಿವಿಯ ಹತ್ತಿರ ಬಾಗಿದಳು.

"ಗೋಡೆ ಕುಸಿದಿದೆ ಅಂದ್ಬಿಡಿ ಮಾವ."

ಅಜ್ಜ ಬೇಡವೆಂದು ತಲೆಯಾಡಿಸಿ ಏಣಿಯ ಕಡೆ ಮುಖ ಎತ್ತಿದ.

"ಗೋಡೆ ಸರಿಯಾಗೇ ಇದೆ. ತಪ್ಪು ನಂದು, ಮೇಣ ಕುಲುಮೆ ಪಕ್ಕ ಇಟ್ಟು ಮರೆತೆ. ಬೇರೆ ಮಾಡಿಕೊಡ್ತೀನಿ. ಆದ್ರೆ ಇದನ್ನ ಕರಗಿಸಬೇಡಿ, ನಮ್ಮನೆಯವಳ ಕೈಯಿಂದ ಆಗಿದ್ದು."

ಸಂಘದ ಅಧ್ಯಕ್ಷೆ ಇಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದವರೆಂದು ಪೇಟೆಯಲ್ಲಿ ಅವರಿಗೆ ಗುಲಗಂಜಿ ಮೇಡಂ ಎಂದೇ ಹೆಸರು. ಅವರು ಕೇಳಿದ್ದು ಒಂದೇ ಮಾತು, ಯಾವ ತಟ್ಟೆ ಕೆಳಗಿದೆ ಎಂದು. ಕಾಳಿನದು, ಒಂದು ನೂಲಿನಷ್ಟು ಎಂದ ಕಾರ್ಯದರ್ಶಿ.

"ಖಾಲಿ ತಕ್ಕಡಿ ವಾಲಿದ್ರೆ ಮೋಸ," ಎಂದರು ಅವರು. "ತುಂಬಿದ ತಕ್ಕಡಿ ಕಾಳಿನ ಕಡೆ ವಾಲಿದ್ರೆ ಲಾಭ ಕೊಳ್ಳೋರಿಗೆ. ಮೂವತ್ನಾಲ್ಕು ವರ್ಷದಲ್ಲಿ ಅದಕ್ಕೆ ಒಂದೂ ಕೇಸು ಬರೆದಿಲ್ಲ ನಾನು. ಇಳೀರಿ ಕೆಳಗೆ, ಬರ್ಕೊಳ್ಳಿ. ತಕ್ಕಡಿ ನ್ಯಾಯಕ್ಕೆ, ವಾಲಿರೋದು ಕೊಸರಿಗೆ."

ಕಾರ್ಯದರ್ಶಿ ಇಳಿದು, ಸ್ವಲ್ಪ ಯೋಚಿಸಿ, ಬರೆದುಕೊಂಡ. ಅಜ್ಜನಿಗೆ ಎದೆಯ ಮೇಲಿನ ಚಪ್ಪಡಿ ಎತ್ತಿದಂತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಒಬ್ಬನೇ ನಕ್ಕ.

ಚಿತ್ರ ಬರೆಸುವ ಮೊದಲು ಕಿಲುಬು ಉಜ್ಜಬೇಕಿತ್ತು. ಸೊಸೆ ಬಟ್ಟೆ ಹಿಡಿದು ಹೊರಟರೆ ಅಜ್ಜ ಬಿಡಲಿಲ್ಲ, ತಾನೇ ಹತ್ತುತ್ತೇನೆಂದ. ಅವಳು ಗೊಣಗುತ್ತ ಏಣಿ ಹಿಡಿದುಕೊಂಡಳು. ಮೊದಲು ಕಣ್ಣು, ಆಮೇಲೆ ದಂಡ, ಬಟ್ಟು ಎಲ್ಲ ಉಜ್ಜಿದ. ಕಾಳಿನ ತಟ್ಟೆಗೆ ಬಂದಾಗ ಕೈ ನಿಂತಿತು. ಹೆಂಡತಿ ಒಂದೊಂದಾಗಿ ಕೂರಿಸಿದ್ದ ಕಾಳುಗಳು ರಾಶಿಯ ನೆತ್ತಿಯಲ್ಲಿ, ಕೆಳಗಿನವರಿಗೆ ಕಾಣದ ಕಡೆ, ಚಪ್ಪಟೆಯಾಗಿದ್ದವು. ಅಲ್ಲಿ ಒಂದು ಹೆಬ್ಬೆರಳಿನ ಗುರುತು, ತಟ್ಟೆ ತಗ್ಗುವಂತೆ ಮೇಣವನ್ನು ಬೇಕೆಂದೇ ಒತ್ತಿ ಹಿಡಿದದ್ದು, ಗೆರೆ ಗೆರೆಯೂ ಹಿತ್ತಾಳೆಯಲ್ಲಿ ಇಳಿದಿತ್ತು. ಅಜ್ಜ ತನ್ನ ಹೆಬ್ಬೆರಳು ಇಟ್ಟು ನೋಡಿದ. ತನ್ನದು ದೊಡ್ಡದಾಯಿತು.

"ಯಾಕೆ ಮಾವ, ಅಲ್ಲಿ ಕಿಲುಬು ಜಾಸ್ತಿ ಇದೆಯಾ?" ಎಂದಳು ಸೊಸೆ.

"ಇಲ್ಲ," ಎಂದ ಅಜ್ಜ. "ಇಲ್ಲಿ ಉಜ್ಜೋದು ಬೇಡ."

ಬಟ್ಟೆಯನ್ನು ಮಡಚಿ, ಮಗ್ಗುಲು ಬದಲಿಸಿ, ಅವನು ಕೊಕ್ಕರೆಯ ಕೊಕ್ಕು ಉಜ್ಜತೊಡಗಿದ.