ಐದನೆಯ ಬೀಳ್ಕೊಡುಗೆ

ಆ ದಂಪತಿಗಳನ್ನು ತನ್ನ ಮನೆಯಿಂದ ಕಳಿಸಲು ತೋಯಾಂಗ್ ಊರಿಗೆಲ್ಲ ನಾಲ್ಕು ಸಲ ಊಟ ಹಾಕಿದ್ದಳು. ನಾಲ್ಕು ಸಲವೂ ಊರು ಉಂಡು ಮನೆಗೆ ಹೋಯಿತು, ದಂಪತಿಗಳು ಉಳಿದರು.

ನಮ್ಮ ದ್ವೀಪದಲ್ಲಿ ಹೊರಡುವವರಿಗೆ ಬೀಳ್ಕೊಡುಗೆಯ ಊಟ ಹಾಕದೆ ಕಳಿಸುವುದಿಲ್ಲ. ದುಬೈಗೆ ಮನೆಗೆಲಸಕ್ಕೆ ಹೋಗುವ ಹುಡುಗಿಯಿರಲಿ, ಹಡಗು ಹತ್ತುವ ಗಂಡಸಿರಲಿ, ಒಂದು ಹಂದಿ ಸುಟ್ಟು, ಒಂದು ಬಾಣಲೆ ಶಾವಿಗೆ ಹುರಿದು, ಹಾಡಿದವರಿಗೆ ಅಂಕ ಕೊಡುವ ಹಾಡಿನ ಯಂತ್ರ ಬಾಡಿಗೆಗೆ ತಂದು, ಗಂಟಲು ಹರಿಯುವಷ್ಟು ಹಾಡಿ ಕಳಿಸುತ್ತೇವೆ. ಉಂಡವರು ಮಾರನೆಯ ದಿನ ದೋಣಿ ಹತ್ತುತ್ತಾರೆ. ಹತ್ತದೆ ಉಳಿದವರು ಇಲ್ಲಿಯ ತನಕ ಯಾರೂ ಇರಲಿಲ್ಲ. ಹಾಗಾಗಿ, ಉಳಿದುಬಿಟ್ಟರೆ ಮುಂದೇನು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ‘ಹೊರಡಿ’ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾಯಿಗೆ ಹೇಳುತ್ತೇವೆ. ಮನುಷ್ಯರಿಗೆ ಹೇಳಿದರೆ ಹೇಳಿದವರ ಮರ್ಯಾದೆಯೇ ಹೋಗುತ್ತದೆ.

ಟೈಸ್ ಮತ್ತು ಮರ್ಲೇನ್ ಹಾಲೆಂಡಿನವರು. ನವೆಂಬರಿನಲ್ಲಿ ಹತ್ತು ದಿನ ಕಡಲಲ್ಲಿ ಮುಳುಗು ಹಾಕಿ ಹೋಗಲು ಬಂದವರು. ನಮ್ಮ ಕಡಲಲ್ಲಿ ಬೆಳಗಿನ ಜಾವ ಉದ್ದ ಬಾಲದ ಶಾರ್ಕ್ ಆಳದಿಂದ ಮೇಲಕ್ಕೆ ಬರುತ್ತದೆ. ಅದರ ದರ್ಶನಕ್ಕೆ ಎಲ್ಲೆಲ್ಲಿಯ ಜನವೋ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ. ಈ ಇಬ್ಬರು ತೋಯಾಂಗಳ ಹಿತ್ತಿಲಿನ ಬಿದಿರು ಗುಡಿಸಲನ್ನು ಬಾಡಿಗೆಗೆ ಹಿಡಿದರು. ಆರನೆಯ ದಿನ ಚಂಡಮಾರುತ ಬಂದು ಗುಡಿಸಲನ್ನು ಎತ್ತಿ ಪಕ್ಕದ ಮನೆಯ ಪಾಸಿಂಗಳ ಬಾಳೆಗಿಡಗಳ ಮೇಲೆ ಇಟ್ಟಿತು. ಮಳೆಯಲ್ಲಿ ನಡುಗುತ್ತ ನಿಂತವರನ್ನು ಕಂಡು ತೋಯಾಂಗಳ ಕರುಳು ಚುರುಕ್ಕೆಂದಿತು. ತಾನು ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟು, “ದೋಣಿ ಶುರುವಾಗೋ ತನಕ ಇಲ್ಲೇ ಇರಿ” ಅಂದಳು.

ದೋಣಿ ಮೂರನೆಯ ದಿನವೇ ಶುರುವಾಯಿತು. ಈಗ ದಿನಕ್ಕೆ ಆರು ಸಲ ಬಂದು ಹೋಗುತ್ತಿದೆ. ಹೀಗೆ ನಾಲ್ಕೂವರೆ ತಿಂಗಳು ಕಳೆದಿತ್ತು. ತೋಯಾಂಗ್ ಅಡುಗೆಮನೆಯ ಬಿದಿರು ಬೆಂಚಿನ ಮೇಲೆ ಕಾಲು ಮಡಚಿ ಮಲಗುತ್ತಿದ್ದಳು. ಅವರು ಬಾಡಿಗೆಯನ್ನು ತಪ್ಪದೆ ಕೊಡುತ್ತಿದ್ದರು, ಅದೇ ತೊಂದರೆ. ಕೊಡದೆ ಇದ್ದಿದ್ದರೆ ಜಗಳ ತೆಗೆಯಲು ಒಂದು ನೆಪವಾದರೂ ಸಿಗುತ್ತಿತ್ತು.

ಮರ್ಲೇನ್‌ಗೆ ಐವತ್ತೆರಡು, ತೋಯಾಂಗ್‌ಗೆ ನಲವತ್ತೊಂಬತ್ತು. ಆದರೂ ಮರ್ಲೇನ್ ಅವಳನ್ನು ‘ನಾನಾಯ್’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು. ಫೋನು ನೋಡಿ ನೋಡಿ ನಮ್ಮ ಭಾಷೆ ಕಲಿತಿದ್ದಳು. ಬಾಯಿ ತೆರೆದರೆ ಪಾದ್ರಿ ಉಪದೇಶಕ್ಕೆ ನಿಂತ ಹಾಗಿರುತ್ತಿತ್ತು.

“ನಾನಾಯ್, ಈ ಪ್ರವಾಸಿಗರನ್ನು ನಾವು ಸಹಿಸಲಾರೆವು,” ಎನ್ನುತ್ತಿದ್ದಳು, ದೋಣಿಯಿಂದ ಇಳಿಯುವ ಹೊಸಬರನ್ನು ಜಗಲಿಯಿಂದ ನೋಡುತ್ತ. “ಇವರು ನಮ್ಮ ದ್ವೀಪವನ್ನು ಕೆಡಿಸುತ್ತಿದ್ದಾರೆ.”

“ಹೌದಮ್ಮ,” ಎನ್ನುತ್ತಿದ್ದಳು ತೋಯಾಂಗ್. “ಅವರೆಲ್ಲ ನಾಲ್ಕು ದಿನ ಇದ್ದು ಹೊರಟ್ಹೋಗ್ತಾರೆ, ಪಾಪ.”

“ಅದೇ ದುಃಖಕರ,” ಎಂದು ಮರ್ಲೇನ್ ತಲೆಯಾಡಿಸುತ್ತಿದ್ದಳು.

ಟೈಸ್ ನೀರೊಳಗೆ ಕಂಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಮನುಷ್ಯ. ಉಗುರಿನಷ್ಟುದ್ದದ ಸಿಗಡಿ ಹವಳದ ಸಂದಿಯಲ್ಲಿ ಅಡಗಿ ಕೂತಿದ್ದರೂ ಅವನ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ಅಡುಗೆಮನೆಯ ಬೆಂಚಿನ ಮೇಲೆ ಮಲಗುವ ಹೆಂಗಸು ಮಾತ್ರ ಇನ್ನೂ ಕಂಡಿರಲಿಲ್ಲ. ನೀರಿಗಿಳಿಯುವ ಅವರ ರಬ್ಬರಿನ ಅಂಗಿಗಳು ತೋಯಾಂಗಳ ಬಟ್ಟೆ ಹಗ್ಗದ ಮೇಲೆ ತಲೆಯಿಲ್ಲದ ಇಬ್ಬರು ನೆಂಟರ ಹಾಗೆ ದಿನವೆಲ್ಲ ಜೋತಾಡುತ್ತಿದ್ದವು.

ಏಪ್ರಿಲಿನ ಮೊದಲ ವಾರ ತೋಯಾಂಗಳ ಗಂಡ ಪಿದಿಯೋ ಹಡಗಿನಿಂದ ವಿಡಿಯೋ ಕಾಲ್ ಮಾಡಿದ. ಸರಕು ಹಡಗಿನಲ್ಲಿ ಹನ್ನೊಂದು ತಿಂಗಳು ದುಡಿದವನಿಗೆ ಎರಡು ತಿಂಗಳ ರಜೆ ಸಿಕ್ಕಿತ್ತು.

“ಮುಂದಿನ ಶನಿವಾರ ಮನೇಲಿರ್ತೀನಿ,” ಅಂದ. “ಈ ಬಂಕಿನ ಮೇಲೆ ಮೊಣಕಾಲು ಮಡಚಿ ಮಲಗಿ ಮಲಗಿ ನಾನು ಸಿಗಡಿ ಆಗ್ಬಿಟ್ಟಿದೀನಿ ಕಣೆ. ನಮ್ಮ ಮಂಚ ನೆನೆಸ್ಕೊಂಡೇ ದಿನ ತಳ್ತಾ ಇದೀನಿ. ಮಂಚ ಒಂದೇ ಅಲ್ಲ.”

“ಸುಮ್ನಿರಿ, ಪಕ್ಕದಲ್ಲಿ ಯಾರಾದ್ರೂ ಕೇಳಿಸ್ಕೊಂಡಾರು.”

“ಅಲ್ವೇ, ಯಾವಾಗ ಫೋನ್ ಮಾಡಿದ್ರೂ ಅಡುಗೆಮನೇಲೇ ಇರ್ತೀಯಲ್ಲ.”

“ಹೆಂಗಸಿಗೆ ಇನ್ನೆಲ್ಲಿ ಕೆಲಸ,” ಎಂದು ತೋಯಾಂಗ್ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು, ಹಿಂದಿದ್ದ ದಿಂಬು ಕಾಣದ ಹಾಗೆ. ಕೋಣೆ ಕೊಟ್ಟ ವಿಷಯವನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಮೊದಲ ವಾರ, ಇನ್ನೇನು ಹೋಗುತ್ತಾರಲ್ಲ ಎಂದು ಹೇಳಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನಲ್ಲ ಎಂದು ಹೇಳಲಿಲ್ಲ. ಆ ಮಂಚವನ್ನು ಮದುವೆಯ ವರ್ಷ ಅವನೇ ಕೈಯಾರೆ ಮಾಡಿದ್ದ. ಅವನು ಬರುವುದರೊಳಗೆ ಅದು ಖಾಲಿಯಾಗಲೇಬೇಕಿತ್ತು.

ಅವಳು ಮೊದಲು ಪಾಸಿಂಗಳ ಸಲಹೆ ಕೇಳಿದಳು. ಪಾಸಿಂಗಳ ಗಂಡ ಮುಳುಗುವವರ ದೋಣಿ ನಡೆಸುವವನು.

“ನಮ್ಮನೆಯವ್ರು ಹೇಳ್ತಾರೆ,” ಅಂದಳು ಪಾಸಿಂಗ್, “ನೀರೊಳಗೆ ಯಾರಾದ್ರೂ ಹೆಬ್ಬೆರಳು ಮೇಲೆ ಮಾಡಿ ತೋರಿಸಿದ್ರೆ ಮುಗೀತಂತೆ. ಸಾಕು, ಮೇಲಕ್ಕೆ ಹೊರಡು ಅಂತ ಅರ್ಥ. ಯಾಕೆ ಏನು ಅಂತ ಕೇಳೋ ಹಾಗಿಲ್ಲ, ಹೊರಡಲೇಬೇಕು.”

ಇದಕ್ಕಿಂತ ಮರ್ಯಾದೆಯ ದಾರಿ ಬೇರೆ ಯಾವುದಿದೆ ಎನ್ನಿಸಿತು ತೋಯಾಂಗ್‌ಗೆ. ಮಾರನೆಯ ಬೆಳಿಗ್ಗೆ ಅವರು ಒಣಮೀನು, ಬೆಳ್ಳುಳ್ಳಿ ಅನ್ನ ತಿನ್ನುತ್ತ ಕೂತಿದ್ದಾಗ ಎದುರಿಗೆ ಹೋಗಿ ನಿಂತು, ಉಸಿರು ಬಿಗಿಹಿಡಿದು, ಹೆಬ್ಬೆರಳು ಎತ್ತಿ ತೋರಿಸಿದಳು. ಇಬ್ಬರೂ ಅನ್ನದ ಕೈಯಲ್ಲೇ ನಗುನಗುತ್ತ ತಿರುಗಿ ಹೆಬ್ಬೆರಳು ತೋರಿಸಿದರು. ಟೈಸ್ ಇನ್ನೊಂದು ಮೀನು ಹಾಕಿಸಿಕೊಂಡ.

ಆಮೇಲೆ ಊರಿನ ಮುಖ್ಯಸ್ಥ ರುಪೆರ್ತೋನನ್ನು ಕಳಿಸಿದಳು. ಊರವರು ಅವನನ್ನು ಕ್ಯಾಪ್ಟನ್ ಎನ್ನುತ್ತಾರೆ. ಅವನು ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗಿ ಒಂದೂವರೆ ಗಂಟೆಯ ಮೇಲೆ ಹೊರಗೆ ಬಂದ.

“ಹೇಳಿದ್ರಾ ಕ್ಯಾಪ್ಟನ್ರೇ?”

“ಹೇಳ್ದೆ. ಈ ಸಲ ಸೆಕೆ ಜಾಸ್ತಿ ಅಂತ ಶುರು ಮಾಡ್ದೆ.”

“ಆಮೇಲೆ?”

“ಅವರ ಮದುವೆಯಾಗಿ ಜೂನ್‌ಗೆ ಇಪ್ಪತ್ತೈದು ವರ್ಷ ತುಂಬುತ್ತಂತೆ, ತೋಯಾಂಗ್. ಇನ್ನೊಂದ್ಸಲ ಮದುವೆ ಮಾಡ್ಕೋತಾರಂತೆ, ಸಮುದ್ರದ ಒಳಗೆ. ಹಿರಿಯನಾಗಿ ನಾನೇ ನಿಂತ್ಕೋಬೇಕಂತೆ.”

“ನಿಮಗೆ ಈಜೇ ಬರಲ್ವಲ್ಲ.”

“ಕಲಿಸ್ತಾರಂತೆ,” ಎಂದು ಕ್ಯಾಪ್ಟನ್ ಗಂಭೀರವಾಗಿ ಹೇಳಿ ಹೊರಟುಹೋದ.

ಉಳಿದದ್ದು ಬೀಳ್ಕೊಡುಗೆಯೊಂದೇ. ಶನಿವಾರ ಪಿದಿಯೋ ಬರುವವನಿದ್ದ. ತೋಯಾಂಗ್ ಶುಕ್ರವಾರಕ್ಕೆ ಐದನೆಯ ಊಟ ಇಟ್ಟುಕೊಂಡಳು.

“ಈ ಸಲಾನೂ ಹಂದಿನಾ?” ಎಂದಳು ಪಾಸಿಂಗ್. “ಕೋಳಿ ಸಾಕು ಕಣೆ. ಹೋಗದೇ ಇರೋರಿಗೆ ಹಂದಿ ಯಾಕೆ?”

“ಕೋಳಿ ಮಾಡಿದ್ರೆ ಮನಸಿಲ್ಲದೆ ಕಳಿಸ್ತಿದಾಳೆ ಅಂದ್ಕೋತಾರೆ.”

“ನೀನು ಮನಸಿಟ್ಟು ತಾನೆ ಕಳಿಸ್ತಿರೋದು? ನಾಲ್ಕು ಹಂದಿ ಮನಸಿಟ್ಟಿದೀಯ.”

ಶುಕ್ರವಾರ ಮಧ್ಯಾಹ್ನ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಊರಿನ ಮಟ್ಟಿಗೆ ಇದು ತಿಂಗಳ ಹಬ್ಬವೇ ಆಗಿಬಿಟ್ಟಿತ್ತು; ಕೆಲವರು ಬುತ್ತಿ ಡಬ್ಬಿಯನ್ನೂ ತಂದಿದ್ದರು. ಮರ್ಲೇನ್ ತೋಯಾಂಗಳ ಹೂವಿನ ನೈಟಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಬರಮಾಡಿಕೊಳ್ಳುತ್ತಿದ್ದಳು. ಒಂದು ದಿನ ಮುಂಚಿನ ದೋಣಿಯಲ್ಲಿ ಜಾಗ ಸಿಕ್ಕಿತೆಂದು ಪಿದಿಯೋ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಅಂಗಳಕ್ಕೆ ಕಾಲಿಟ್ಟಾಗಲೂ ಎದುರಾದದ್ದು ಅವಳೇ.

“ಸುಸ್ವಾಗತ,” ಎಂದಳು ಮರ್ಲೇನ್. “ತಾವು ಎಷ್ಟು ದಿನ ತಂಗಲಿದ್ದೀರಿ?”

ಪಿದಿಯೋ ಒಮ್ಮೆ ಮನೆಯ ಮಾಡನ್ನು ನೋಡಿದ, ಒಮ್ಮೆ ತನ್ನ ಹೆಂಡತಿಯ ನೈಟಿಯನ್ನು ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ಎರಡು ತಿಂಗಳು ಅಂದ್ಕೊಂಡಿದ್ದೆ,” ಅಂದ. “ನಿಮಗೇನೂ ತೊಂದರೆ ಇಲ್ಲಾಂದ್ರೆ.”

“ಕ್ಷಮಿಸಿರಿ. ಇಲ್ಲಿರುವುದು ಒಂದೇ ಕೋಣೆ, ಅದರಲ್ಲಿ ನಾವು ವಾಸಿಸುತ್ತೇವೆ. ದಡದ ಆ ತುದಿಯಲ್ಲಿ ಒಂದು ಉತ್ತಮ ಹೋಟೆಲ್ ಇದೆ. ಪ್ರವಾಸಿಗರಿಗೆ ಅದು ಅನುಕೂಲ.”

ತೋಯಾಂಗ್ ಸೌಟು ಹಿಡಿದುಕೊಂಡೇ ಓಡಿಬಂದಳು. ಗಂಡ ಹೆಂಡತಿ ಹನ್ನೊಂದು ತಿಂಗಳ ಮೇಲೆ ಒಬ್ಬರನ್ನೊಬ್ಬರು ನೋಡಿದ್ದು ಹೀಗೆ.

“ಯಾರೇ ಇವ್ರು?”

“ಅತಿಥಿಗಳು.”

“ಯಾವ ಕೋಣೇಲಿದಾರೆ?”

“ಇರೋದು ಒಂದೇ ಅಲ್ವಾ.”

“ಮತ್ತೆ ನೀನು?”

ತೋಯಾಂಗ್ ತುಟಿ ಮುಂದೆ ಮಾಡಿ ಅಡುಗೆಮನೆಯ ಕಡೆ ತೋರಿಸಿದಳು. ಪಿದಿಯೋ ಒಳಗೆ ಹೋದ. ಬೆಂಚು, ಅದರ ಮೇಲೆ ಮಡಚಿಟ್ಟ ಹೊದಿಕೆ, ಗೋಡೆಗೆ ಒರಗಿಸಿದ ದಿಂಬು ಎಲ್ಲ ಕಂಡಿರಬೇಕು. ಹೊರಗೆ ಬಂದವನು ತಟ್ಟೆ ತೆಗೆದುಕೊಂಡು ಹೋಗಿ ಟೈಸ್‌ನ ಪಕ್ಕ ಕೂತು, “ಸಂಕೋಚ ಮಾಡ್ಕೋಬೇಡಿ, ಊಟ ಮಾಡಿ” ಎಂದು ಅವನಿಗೇ ಉಪಚಾರ ಹೇಳತೊಡಗಿದ. ನಲವತ್ತು ಜನರ ಮುಂದೆ ಬೇರೇನು ಮಾಡಿಯಾನು. ಅವನು ಜೋರು ಮಾಡಿದ್ದರೂ ತೋಯಾಂಗ್ ತಡೆದುಕೊಳ್ಳುತ್ತಿದ್ದಳು. ಆ ಉಪಚಾರ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಟೈಸ್ ಎದ್ದು ಹಾಡಿನ ಯಂತ್ರದ ಮೈಕು ಹಿಡಿದ. “ಪ್ರಿಯ ಬಂಧುಗಳೇ, ನಿಮ್ಮ ಪ್ರೀತಿ ನಮ್ಮ ಮನಸ್ಸನ್ನು ಬದಲಾಯಿಸಿದೆ. ನಾವು ಡಿಸೆಂಬರ್ ತನಕ ಇರಲು ತೀರ್ಮಾನಿಸಿದ್ದೇವೆ.”

ಅಂಗಳ ಚಪ್ಪಾಳೆ ತಟ್ಟಿತು. ಡಿಸೆಂಬರ್ ತನಕ ಎಂದರೆ ಎಷ್ಟು ಹಂದಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಲೆಕ್ಕ ಹಾಕಿದರು.

ತೋಯಾಂಗ್ ಅವನ ಕೈಯಿಂದ ಮೈಕು ತೆಗೆದುಕೊಂಡಳು.

“ಟೈಸ್, ಮರ್ಲೇನ್,” ಅಂದಳು. ಅವಳ ದನಿ ದಡದ ಉದ್ದಕ್ಕೂ ಕೇಳಿಸಿತು. “ನೀವು ನಾಳೆ ಬೆಳಿಗ್ಗೆ ಹೊರಟ್ಹೋಗಿ. ನನ್ನ ಗಂಡ ಬಂದಿದಾನೆ. ನಾನು ನನ್ನ ಗಂಡನ ಜೊತೆ ನನ್ನ ಮಂಚದ ಮೇಲೆ ಮಲಗ್ಬೇಕು.”

ಹಾಡು ಮುಗಿಯಿತೆಂದುಕೊಂಡ ಯಂತ್ರ ತುತ್ತೂರಿ ಊದಿ ಅವಳಿಗೆ ತೊಂಬತ್ತೆಂಟು ಅಂಕ ಕೊಟ್ಟಿತು.

ಮರ್ಲೇನಳ ಕಣ್ಣಲ್ಲಿ ನೀರು ತುಂಬಿತು. ತೋಯಾಂಗ್‌ಗೆ ಅಯ್ಯೋ ಎನ್ನಿಸಿತು, ಆದರೆ ಮಾತು ಹಿಂದಕ್ಕೆ ಬರುವಂಥದ್ದಲ್ಲ. ಮರ್ಲೇನ್ ಬಂದು ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು.

“ನಾನಾಯ್, ನೀವು ನಮ್ಮನ್ನು ಬೈದಿರಿ,” ಎಂದು ಬಿಕ್ಕಿದಳು. “ಈ ಜನ ಹೊರಗಿನವರಿಗೆ ಎಂದಿಗೂ ನೇರವಾಗಿ ನುಡಿಯುವುದಿಲ್ಲ, ಮನೆಯವರಿಗೆ ಮಾತ್ರ ಬೈಯುತ್ತಾರೆ ಎಂದು ನಾನು ಓದಿದ್ದೆ. ಇಂದಿನಿಂದ ನಾವು ಅತಿಥಿಗಳಲ್ಲ. ನಾವು ಮನೆಯವರು.”

ಟೈಸ್ ಕೂಡ ಕಣ್ಣೊರೆಸಿಕೊಂಡ. ಊರು ಇನ್ನೊಂದು ಸಲ ಚಪ್ಪಾಳೆ ತಟ್ಟಿತು.

ತೋಯಾಂಗ್ ಮರ್ಲೇನಳ ಭುಜದ ಮೇಲಿಂದ ಗಂಡನನ್ನು ನೋಡಿದಳು. ಅವನು ಶಾವಿಗೆಯ ತಟ್ಟೆ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಅವನ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾನೆಂದುಕೊಂಡಳು; ಅವನು ನಗುತ್ತಿದ್ದ.

“ಮನೆಯವರಾ?” ಎಂದಳು ತೋಯಾಂಗ್, ಅಪ್ಪುಗೆ ಬಿಡಿಸಿಕೊಂಡು. “ಹಾಗಾದ್ರೆ ಒಳ್ಳೇದಾಯ್ತಮ್ಮ. ಈ ಪಾತ್ರೆಗಳನ್ನೆಲ್ಲ ಬಾವಿಕಟ್ಟೆಗೆ ಹಾಕು, ಬೂದಿ ಅಲ್ಲೇ ಇದೆ. ಹಂದಿಮರಿಗಳಿಗೆ ಬೆಳಿಗ್ಗೆ ನಾಲ್ಕೂವರೆಗೆ ಗಂಜಿ. ತಡ ಆದ್ರೆ ಬೇಲಿ ಕಿತ್ಕೊಂಡು ಹೋಗ್ತವೆ. ಟೈಸ್, ನೀನು ಇಪ್ಪತ್ತು ಕೊಡ ನೀರು ಸೇದಿಡು. ಊಟಕ್ಕೆ ಬಂದಿರೋ ನನ್ನ ಸೋದರಮಾವಂದಿರು ಯಾರಾದ್ರೂ ಉಳ್ಕೊಂಡ್ರೆ ಚಾಪೆ ಕೋಣೇಲೇ ಹಾಸು, ಹೊರಗೆ ಹಾಸಿದ್ರೆ ಬೇಜಾರು ಮಾಡ್ಕೋತಾರೆ.”

ಸೊಂಟದಲ್ಲಿದ್ದ ಬೀಗದ ಕೈಯನ್ನು ಮರ್ಲೇನಳ ಅಂಗೈಯಲ್ಲಿ ಇಟ್ಟಳು. ಹೋಗಿ ಗಂಡನ ಪೆಟ್ಟಿಗೆ ಹಿಡಿದಳು.

“ಏಳ್ರಿ,” ಅಂದಳು. “ಆ ತುದೀಲಿ ಒಂದು ಒಳ್ಳೆ ಹೋಟೆಲ್ ಇದೆಯಂತೆ.”

ಹೋಟೆಲಿನ ಹುಡುಗಿ ಎಷ್ಟು ದಿನ ಎಂದು ಕೇಳಿದಾಗ ತೋಯಾಂಗ್ ಒಂದೇ ಒಂದು ದಿನ ಎಂದಳು. ಮಂಚ ಅಡುಗೆಮನೆಯಷ್ಟು ಅಗಲವಿತ್ತು. ಕಾಲು ನೀಡಿದರೆ ಯಾವುದಕ್ಕೂ ತಗಲುತ್ತಿರಲಿಲ್ಲ. ಇದೊಂದಕ್ಕೇ ಅವಳಿಗೆ ಸ್ವಲ್ಪ ಹೊತ್ತು ನಗು ಬರುತ್ತಲೇ ಇತ್ತು.

“ಹೇಳ್ಬಾರ್ದಿತ್ತಾ ನನಗೆ?” ಎಂದ ಪಿದಿಯೋ.

“ಹೇಳಿದ್ರೆ ಏನ್ಮಾಡ್ತಿದ್ರಿ?”

ಅವನು ಯೋಚಿಸಿದ. “ಇನ್ನೊಂದು ಹಂದಿಗೆ ದುಡ್ಡು ಕಳಿಸ್ತಿದ್ದೆ.”

ಬೆಳಿಗ್ಗೆ ಒಂಬತ್ತೂವರೆಗೆ ಪಾಸಿಂಗ್ ಬಾಗಿಲು ತಟ್ಟಿದಳು. ಓಡಿಬಂದಿದ್ದಳು, ಖುಷಿಯಲ್ಲಿ ಉಸಿರು ಸಿಗುತ್ತಿರಲಿಲ್ಲ.

“ಕೇಳೇ ಇಲ್ಲಿ. ನಿನ್ನ ಸೋದರಮಾವಂದಿರು ನಾಲ್ಕು ಜನ ಅವರ ಕೋಣೇಲೇ ಮಲಗಿದ್ರು. ಗೊರಕೆಗೆ ಟೈಸ್ ಹೊರಗೆದ್ದು ಬಂದ. ಹಂದಿಮರಿ ಬೇಲಿ ಕಿತ್ಕೊಂಡು ಹೋದ್ವು, ಅವನು ಶಾರ್ಕ್ ನೋಡೋದು ಬಿಟ್ಟು ಅವುಗಳ ಹಿಂದೆ ಓಡಿದ. ಕ್ಯಾಪ್ಟನ್ ಬಂದು, ಮನೆಯವರಾದ ಮೇಲೆ ಚಾವಣಿ ಹಾಕೋಕೆ ಒಂದು ಕೈ ಕೊಡಿ ಅಂದ್ರು. ನಮ್ಮತ್ತೆ ಮೂರು ಮೊಮ್ಮಕ್ಕಳನ್ನ ಮರ್ಲೇನ್ ಮಡಿಲಿಗೆ ಹಾಕಿ ಪೇಟೆಗೆ ಹೋಗಿದಾಳೆ. ಇನ್ನೂ ಅರ್ಧ ಪಾತ್ರೆ ಬಾವಿಕಟ್ಟೇಲೇ ಇದೆ.”

“ಅಳ್ತಿದಾಳಾ?”

“ಗಂಟು ಕಟ್ತಿದಾಳೆ. ಅವರ ಊರಿಂದ ತುರ್ತು ಕರೆ ಬಂದಿದೆಯಂತೆ. ಎಲ್ಲಿಂದ ಬರ್ಬೇಕು, ಫೋನ್ ಚಾರ್ಜೇ ಇಲ್ಲ, ನಮ್ಮತ್ತೆ ಮೊಮ್ಮಗ ಬೆಳಿಗ್ಗೆಯಿಂದ ಅದರಲ್ಲೇ ಆಡಿದಾನೆ. ಹನ್ನೊಂದರ ದೋಣಿಗೆ ಹೋಗ್ತಾರೆ. ನೀನು ಬಂದು ಬೀಗದ ಕೈ ಇಸ್ಕೊಂಡು, ಕೈ ಬೀಸಿ ಕಳಿಸ್ಬೇಕಂತೆ. ಬೇಗ ಬಾ.”

ತೋಯಾಂಗ್ ಹಿಂದಕ್ಕೆ ತಿರುಗಿ ನೋಡಿದಳು. ಪಿದಿಯೋ ಬಾಯಿ ತೆರೆದುಕೊಂಡು, ಮಂಚಕ್ಕೆ ಅಡ್ಡಡ್ಡವಾಗಿ, ಕೈಕಾಲುಗಳನ್ನು ನಾಲ್ಕು ದಿಕ್ಕಿಗೂ ಚಾಚಿ ನಿದ್ದೆ ಹೋಗಿದ್ದ. ಅವನ ತೋಳಿನ ಪಕ್ಕ ಅವಳು ಎದ್ದುಬಂದ ಜಾಗ ಇನ್ನೂ ತಗ್ಗಾಗಿಯೇ ಇತ್ತು.

“ನೀನೇ ಇಸ್ಕೊಂಡುಬಿಡೇ,” ಎಂದು ಹೇಳಿ ಬಾಗಿಲು ಹಾಕಿಕೊಂಡಳು.