ನೀಲಿ ಬರುವ ತನಕ

ಹೊಸದಾಗಿ ಸೇರಿದ ಮಕ್ಕಳಿಗೆ ವಸ್ತುವಿಜ್ಞಾನದ ಮೊದಲ ಪಾಠ ಮಾಡುವುದೆಂದರೆ ಬಿರುಕು ಮೇಡಂಗೆ ಎಲ್ಲಿಲ್ಲದ ಹುರುಪು. ಆ ಹೆಸರು ಮಕ್ಕಳೇ ಇಟ್ಟದ್ದು. ಗಾಜಿನ ವಿಷಯ ತೆಗೆದರೂ, ರಬ್ಬರಿನ ವಿಷಯ ತೆಗೆದರೂ ಕೊನೆಗೆ ಬಿರುಕಿಗೇ ಬಂದು ನಿಲ್ಲುತ್ತಾಳಲ್ಲ, ಅದಕ್ಕೆ. ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಮೊದಲ ದಿನ ಅವಳು ಪುಸ್ತಕ ತೆರೆಯುತ್ತಿರಲಿಲ್ಲ. ಒಂದೇ ಪೊಟ್ಟಣದ ಮೂರು ಹೊಲಿಗೆ ಸೂಜಿಗಳನ್ನು ತರುತ್ತಿದ್ದಳು. ಒಂದನ್ನು ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಅದು ತಂತಿಯಂತೆ ಬಾಗುತ್ತಿತ್ತು. ಇನ್ನೊಂದನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಟಕ್ಕನೆ ಮುರಿಯುತ್ತಿತ್ತು. ಮೂರನೆಯದನ್ನೂ ಹಾಗೇ ನೀರಿಗದ್ದಿ, ಉಜ್ಜಿ ಹೊಳಪು ಬರಿಸಿ, ಹದ ಬರಲೆಂದು ಮತ್ತೆ ಸಣ್ಣ ಉರಿಯಲ್ಲಿ ಹಿಡಿಯುತ್ತಿದ್ದಳು. ಅದರ ಮೈಮೇಲೆ ಒಣಹುಲ್ಲಿನ ಹಳದಿ ಬರುವುದು, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಬಂದೊಡನೆ ತೆಗೆದ ಆ ಸೂಜಿ ಬಾಗಿದರೂ ಮುರಿಯದೆ, ಕೈಬಿಟ್ಟ ಕೂಡಲೇ ನೆಟ್ಟಗಾಗುತ್ತಿತ್ತು.

"ಮೂರರಲ್ಲೂ ಇರೋದು ಅದೇ ಉಕ್ಕು. ಬದಲಾಗಿದ್ದು ಒಳಗೆ ಪರಮಾಣುಗಳು ಕೂತಿರೋ ರೀತಿ ಮಾತ್ರ. ಹೇಗೆ ಕೂರಿಸ್ತೀವೋ ಹಾಗೆ ನಡ್ಕೊಳ್ಳುತ್ತೆ. ನಮ್ಮ ಇಡೀ ಶಾಸ್ತ್ರ ಇಷ್ಟೇ ಕಣ್ರಪ್ಪ," ಎನ್ನುತ್ತಿದ್ದಳು.

ಇದನ್ನು ಅವಳು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಕುಲುಮೆಯಲ್ಲಿ. ಅಪ್ಪ ನಲವತ್ತು ವರ್ಷದಿಂದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಉಳಿ, ಪಿನ್ನು, ಶಾಫ್ಟುಗಳನ್ನು ಕಾಯಿಸಿ ಹದ ಮಾಡುತ್ತಿದ್ದವರು. ಶಾಖ ಅಳೆಯುವ ಮೀಟರು ತಂದುಕೊಡುತ್ತೇನೆಂದು ಮಗಳು ಹೇಳಿದಾಗಲೆಲ್ಲ, "ಎರಡು ಮೀಟರು ಮೂಗಿನ ಅಕ್ಕಪಕ್ಕ ಇವೆಯಲ್ಲ, ಸಾಲ್ದಾ?" ಎಂದು ನಗುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಜೊತೆ ಉಳಿದವನು ತಮ್ಮ ಗುಂಡ. ಚಿಕ್ಕಂದಿನಲ್ಲಿ ಉರುಟಾಗಿದ್ದ, ಹೆಸರು ಅಂಟಿಕೊಂಡಿತು. ಭಾರ ಎತ್ತುವುದು, ಗಿರಾಕಿಗಳಿಗೆ ಸಾಮಾನು ತಲುಪಿಸುವುದು, ಅಪ್ಪನ ಬೈಗುಳ ತಿನ್ನುವುದು, ಎಲ್ಲ ಅವನ ಪಾಲು.

ಆ ವರ್ಷ ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಮಧ್ಯಾಹ್ನ ಗುಂಡನ ಫೋನು ಬಂತು.

"ಅಕ್ಕಾ, ಅಪ್ಪನ ಕಣ್ಣು ಯಾಕೋ ಸರಿಯಿಲ್ಲ ಕಣೇ. ನೀಲಿ ಅಂಗಿ ಕೇಳಿದ್ರೆ ಬೂದು ಅಂಗಿ ಕೊಡ್ತಾರೆ. ಹದ ಮಾಡುವಾಗ ನಾನೇ ಪಕ್ಕದಲ್ಲಿ ನಿಂತು ಬಣ್ಣ ಹೇಳ್ತಿದ್ದೀನಿ."

"ಡಾಕ್ಟ್ರ ಹತ್ರ ಕರ್ಕೊಂಡು ಹೋಗೋ."

"ನನ್ನ ಮಾತು ಎಲ್ಲಿ ಕೇಳ್ತಾರೆ? ನೀನು ಒಂದು ಸಲ ಬಂದು ಹೇಳು, ಬಾಯಿ ಮುಚ್ಕೊಂಡು ಬರ್ತಾರೆ."

"ಪರೀಕ್ಷೆ ಮುಗೀಲಿ ಕಣೋ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಪರೀಕ್ಷೆ ಮುಗಿಯಿತು. ಮೌಲ್ಯಮಾಪನ ಬಂತು. ಅದರ ಬೆನ್ನಿಗೇ ಹೊಸ ಮಕ್ಕಳ ಪ್ರವೇಶ. ಇವತ್ತು, ನಾಳೆ ಎನ್ನುತ್ತಲೇ ಮೂರು ತಿಂಗಳು ಉರುಳಿದವು.

ಒಮ್ಮೆ ಗುಂಡ ಸಾಮಾನು ತಲುಪಿಸಲು ಎರಡು ದಿನ ಹೊರಗೆ ಹೋಗಿದ್ದ. ಶೆಡ್ಡಿನಲ್ಲಿ ಭಾರ ಎತ್ತುವ ಸರಪಳಿ ರಾಟೆಯ ಪಿನ್ನು ಸವೆದಿತ್ತು. ಸುಮ್ಮನೆ ಕೂರಲಾಗದ ಅಪ್ಪ ತಾವೊಬ್ಬರೇ ಹೊಸ ಪಿನ್ನು ಕಡೆದು, ಕಾಯಿಸಿ, ಎಣ್ಣೆಗದ್ದಿ, ಹದ ಮಾಡಿ ಹಾಕಿದರು. ಐದು ದಿನ ಅದು ತಡೆಯಿತು. ಆರನೆಯ ದಿನ ಬೆಳಿಗ್ಗೆ ರಿಪೇರಿಗೆ ಬಂದಿದ್ದ ಯಂತ್ರವೊಂದನ್ನು ಎತ್ತಿ ಪಕ್ಕಕ್ಕೆ ಇಳಿಸುವಾಗ ಪಿನ್ನು ಎರಡು ತುಂಡಾಯಿತು. ಗುಂಡ ಯಂತ್ರಕ್ಕೆ ಕೈ ಆನಿಸಿ ಅದರ ಮಗ್ಗುಲಲ್ಲೇ ನಿಂತಿದ್ದ, ಅದು ಅವನ ಮೇಲೆಯೇ ಉರುಳಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಹದಿಮೂರು ದಿನ ಕಳೆದ ಮೇಲೆ ಕಾರ್ಖಾನೆಗಳ ಇನ್ಸ್‌ಪೆಕ್ಟರು ಮುರಿದ ಪಿನ್ನಿನ ತುಂಡುಗಳನ್ನು ಪರೀಕ್ಷೆಗೆ ಕಳಿಸಿದರು. ಊರಿಗೆಲ್ಲ ಇದ್ದದ್ದು ಅವಳ ಕಾಲೇಜಿನ ಲ್ಯಾಬ್ ಒಂದೇ. ವಿಭಾಗದ ಮುಖ್ಯಸ್ಥರು ಲಕೋಟೆಯನ್ನು ತಮ್ಮ ಮೇಜಿನ ಖಾನೆಗೆ ಹಾಕಿಕೊಂಡು, "ಇದು ನಿಮ್ಗೆ ಬೇಡಮ್ಮ. ನಾನು ನೋಡ್ತೀನಿ," ಎಂದರು.

"ನೀವು ಸಹಿ ಹಾಕಿ ಸಾರ್. ಆದ್ರೆ ನಿಮ್ಮ ಪಕ್ಕದಲ್ಲಿ ನಿಂತು ನಾನೂ ನೋಡ್ಬೇಕು."

ಅವರು ಖಾನೆಯಿಂದ ಲಕೋಟೆ ಹೊರತೆಗೆದರು. ಒಂದು ತುಂಡನ್ನು ಕೊಯ್ದು, ಕನ್ನಡಿಯಾಗುವ ತನಕ ಉಜ್ಜಿ, ಆಮ್ಲ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೇಡಂ ಬಗ್ಗಿ ನೋಡಿದಳು. ಒತ್ತೊತ್ತಾಗಿ, ಅಡ್ಡಾದಿಡ್ಡಿಯಾಗಿ ಚೆಲ್ಲಿದ ಚೂಪು ಚೂಪು ಗೆರೆಗಳು. ಗಡಸು ಮಾಡಿ, ಸರಿಯಾಗಿ ಹದ ಮಾಡದೆ ಬಿಟ್ಟ ಉಕ್ಕು. ಪ್ರತಿ ವರ್ಷ ಮಕ್ಕಳಿಗೆ ಅವಳು ತೋರಿಸುತ್ತಿದ್ದ ಚಿತ್ರವೇ. ಉಳಿದ ತುಂಡಿನ ಗ್ರೀಸು ಒರೆಸಿದರೆ ಮೈಮೇಲೆ ತೆಳ್ಳಗೆ ಒಣಹುಲ್ಲಿನ ಹಳದಿ. ನೀಲಿಯ ಸುಳಿವೇ ಇರಲಿಲ್ಲ.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಏನಂತ ಬರೀಲಮ್ಮ?"

"ಇದ್ದದ್ದು ಇದ್ದ ಹಾಗೇ ಬರೀರಿ ಸಾರ್."

ಬರೆದರು. ಅದನ್ನೋದಿದ ಇನ್ಸ್‌ಪೆಕ್ಟರು, "ಮಗನ್ನ ಕಳ್ಕೊಂಡ ಮನುಷ್ಯನ ಮೇಲೆ ಇನ್ನೇನು ಕೇಸು ಹಾಕ್ಲಿ?" ಎಂದು ಫೈಲು ಮುಚ್ಚಿದರು.

ಅಪ್ಪ ಮಾತ್ರ ಬಿಡಲಿಲ್ಲ. ದಿನವಿಡೀ ತಣ್ಣಗಾದ ಕುಲುಮೆಯ ಮುಂದೆ ಕೂತಿರುತ್ತಿದ್ದವರು, ಮಗಳು ಬಂದೊಡನೆ ಅದನ್ನೇ ಕೇಳಿದರು. "ಏನಾಗಿತ್ತಂತೆ ಅದಕ್ಕೆ?"

ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. "ಉಕ್ಕಲ್ಲೇ ದೋಷ ಇತ್ತಪ್ಪ. ಅಂಗಡಿಯಿಂದ ಬರುವಾಗ್ಲೇ ಒಳಗೆ ಬಿರುಕು ಬಿಟ್ಟಿತ್ತು."

"ಹೌದಾ. ಆ ಪಿನ್ನು ತಂದ್ಕೊಡು."

"ಯಾಕಪ್ಪ ಈಗ ಅದು?"

"ನಾನು ಮಾಡಿದ್ದು. ತಂದ್ಕೊಡು."

ನಾಲ್ಕು ದಿನ ಏನೇನೋ ನೆವ ಹೇಳಿದಳು. ಐದನೆಯ ದಿನ ಅಪ್ಪ ಲ್ಯಾಬಿಗೇ ಹೋಗಿ ತರುತ್ತೇನೆಂದು ಗೋಡೆ ಹಿಡಿದುಕೊಂಡು ಬಸ್‌ಸ್ಟಾಪಿಗೆ ಹೊರಟದ್ದನ್ನು ಪಕ್ಕದ ಮನೆಯವರು ಫೋನು ಮಾಡಿ ತಿಳಿಸಿದರು. ಇನ್ನು ಉಪಾಯವಿಲ್ಲವೆಂದು ಉಳಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು.

ಅಪ್ಪ ಅದನ್ನು ಕಣ್ಣಿನ ಹತ್ತಿರ ತರಲೇ ಇಲ್ಲ. ಕೈಯಿಂದ ತಡವಿ ವೈಸಿನ ದವಡೆಗೆ ಕಚ್ಚಿಸಿದರು. ಗೋಡೆಯ ಮೊಳೆಯಿಂದ ಕಬ್ಬಿಣ ಉಜ್ಜುವ ಅರವನ್ನು ತೆಗೆದು ಪಿನ್ನಿನ ಮೇಲಿಟ್ಟು ಒಂದು ಸಲ ಒತ್ತಿ ನೂಕಿದರು. ಅರ ಕಚ್ಚಲಿಲ್ಲ. ಗಾಜಿನ ಮೇಲೆ ಜಾರಿದ ಹಾಗೆ 'ಸರ್ರ್' ಎಂದು ಜಾರಿತು. ಇನ್ನೊಮ್ಮೆ ನೂಕಿದರು. ಮತ್ತೆ ಜಾರಿತು. ಪಿನ್ನು ಬಿಚ್ಚಿ, ಹಳೆಯ ಸವೆದ ಪಿನ್ನನ್ನು ಅದೇ ಜಾಗಕ್ಕೆ ಕಚ್ಚಿಸಿ ಅರ ಆಡಿಸಿದರು. 'ಜರಕ್' ಎಂದು ಕಚ್ಚಿ ಪುಡಿ ಉದುರಿತು. ಹದ ಬಂದ ಉಕ್ಕು ಅರಕ್ಕೆ ಸಿಗುವುದೇ ಹಾಗೆ.

ಅರವನ್ನು ಮತ್ತೆ ಮೊಳೆಗೆ ಸಿಕ್ಕಿಸಲು ಹೋದರು. ಕೈ ಮೊಳೆಯನ್ನು ಹುಡುಕಿ ಹುಡುಕಿ ಸೋತಿತು.

"ನೀಲಿ ಬಂದಿರ್ಲಿಲ್ಲ," ಎಂದರು.

ಅವಳು ಅರವನ್ನು ಅವರ ಕೈಯಿಂದ ತೆಗೆದುಕೊಂಡು ಮೊಳೆಗೆ ಸಿಕ್ಕಿಸಿದಳು.

"ಆ ಮಬ್ಬಲ್ಲಿ ನಂಗೆ ನೀಲಿ ಥರಾನೇ ಕಾಣ್ತು ಮಗಳೇ. ಅವತ್ತು ಗುಂಡ ಇದ್ದಿದ್ರೆ ಒಂದು ಮಾತು ಕೇಳ್ತಿದ್ದೆ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಅಪ್ಪಾ, ಅವನು ಹೋಗೋಕೆ ಮೂರು ತಿಂಗಳ ಮುಂಚೇನೇ ನಂಗೆ ಫೋನ್ ಮಾಡಿದ್ದ. ಅಪ್ಪನ ಕಣ್ಣು ಸರಿಯಿಲ್ಲ, ನೀನು ಬಂದು ಹೇಳಿದ್ರೆ ಡಾಕ್ಟ್ರ ಹತ್ರ ಬರ್ತಾರೆ ಅಂದಿದ್ದ. ನಾನೇ ಬರ್ಲಿಲ್ಲ."

"ಉಕ್ಕಲ್ಲಿ ದೋಷ ಅಂತ ನಂಗೋಸ್ಕರ ಸುಳ್ಳು ಹೇಳಿದೆ. ಇದೂ ಹಾಗೇನಾ?"

"ಇಲ್ಲಪ್ಪ. ಇದು ನಿಜ."

ಅಪ್ಪ ಹಳೆಯ ಪಿನ್ನನ್ನು ವೈಸಿನಿಂದ ಬಿಚ್ಚಿ ಕೆಳಗಿಟ್ಟರು. ಆಮೇಲೆ, ಕೋಪವಿಲ್ಲದೆ, ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಹೇಳುವವರಂತೆ, "ನೀನು ಕರೆದಿದ್ರೆ ಬರ್ತಿದ್ದೆ ಕಣೇ," ಎಂದರು.

ಆ ಮಾತು ಅವಳ ಎದೆಯಲ್ಲಿ ಹೂತುಕೊಂಡಿತು. ಆಮೇಲೆ ಅಪ್ಪ ಎಂದೂ ಅದನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕುಲುಮೆಯನ್ನು ಕೇಳಿದವರಿಗೆ ಕೊಟ್ಟುಬಿಟ್ಟರು. ಅಪ್ಪ ಮಗಳ ಮನೆಗೆ ಬಂದು ಸೇರಿದರು. ಕಣ್ಣಿನ ಪೊರೆಯ ಆಪರೇಷನ್ ಮಾಡಿಸೋಣವೆಂದರೆ, "ಇನ್ನು ನೋಡೋದಕ್ಕೆ ಏನು ಉಳಿದಿದೆ?" ಎಂದು ಮುಖ ತಿರುಗಿಸುತ್ತಿದ್ದರು.

ಮರುವರ್ಷದ ಮೊದಲ ಪಾಠದಲ್ಲಿ ಮೂರನೆಯ ಸೂಜಿ ಕೈಗೆ ತೆಗೆದುಕೊಂಡ ಮೇಡಂ ಅದನ್ನು ಉರಿಗೆ ಹಿಡಿಯದೆ ಮೇಜಿನ ಮೇಲಿಟ್ಟಳು. ಸ್ಪಿರಿಟ್ ದೀಪ ಆರಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಮಕ್ಕಳಿಗೆ ಹೇಳಿದಳು, ತನ್ನ ಫೋನಿನ ಮಾತನ್ನೂ ಸೇರಿಸಿ. ಗಂಟೆ ಹೊಡೆದ ಮೇಲೂ ಅವರು ಕೂತೇ ಇದ್ದರು. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ.

ಒಂದು ಭಾನುವಾರ ಅಪ್ಪ ತಾವಾಗಿಯೇ ಕರೆದರು. "ಆಪರೇಷನ್ ಮಾಡ್ಸು. ಗುಂಡನ ಮುಖ ಮರೆತು ಹೋಗ್ತಿದೆ ಕಣೇ. ಫೋಟೋ ಹಿಡ್ಕೊಂಡ್ರೆ ಬರೀ ಮಬ್ಬು."

ಮಾಡಿಸಿದಳು. ಮರುದಿನ ಬೆಳಿಗ್ಗೆ ನರ್ಸಮ್ಮ ಕಣ್ಣಿನ ಪಟ್ಟಿ ತೆಗೆದಾಗ ಅಪ್ಪ ಕೈ ಚಾಚಿದರು. ಅವಳು ಗುಂಡನ ಫೋಟೋ ಕೊಟ್ಟಳು, ಶೆಡ್ಡಿನ ಬಾಗಿಲಲ್ಲಿ ನಿಂತು ನಗುತ್ತಿದ್ದದ್ದು. ಅಪ್ಪ ಕಿಟಕಿಯ ಕಡೆ ತಿರುಗಿ ಅದನ್ನು ತುಂಬಾ ಹೊತ್ತು ನೋಡಿದರು.

"ಹುಬ್ಬಿನ ಮೇಲೆ ಇದೇನೇ ಕಲೆ?"

"ಕಿಡಿ ಹಾರಿ ಸುಟ್ಟಿದ್ದಪ್ಪ. ಸಾಯೋಕೆ ಎರಡು ವರ್ಷ ಮುಂಚೆ."

"ಎರಡು ವರ್ಷ ಪಕ್ಕದಲ್ಲೇ ನಿಂತಿದ್ದ," ಎಂದರು ಅಪ್ಪ. "ನಂಗೆ ಕಾಣ್ಲೇ ಇಲ್ವಲ್ಲೇ."

ಕಣ್ಣು ಒದ್ದೆ ಮಾಡಿಕೊಳ್ಳಬಾರದು ಎಂದು ನರ್ಸಮ್ಮ ಗದರಿದರು. ಅಪ್ಪ ಹೂಂ ಎಂದರು. ಅವಳು ಹತ್ತಿ ತೆಗೆದುಕೊಂಡು, ಅವರ ಕೆನ್ನೆಯನ್ನು ಮೆಲ್ಲಗೆ ಒರೆಸುತ್ತಾ ಕೂತಳು.