ಪೆಟ್ರೋಲ್ ಗರಗಸದ ಹಿಡಿ

ಎರಡನೇ ಮಹಾ ಲಡಾಯಿ ಮುಗಿದ ಮರುವರ್ಷ, ನಿಜಾಮ ಸರ್ಕಾರದ ರಸ್ತೆ ಅಗಲ ಮಾಡುವ ಗುತ್ತೇದಾರ ಮಸ್ಕಿಗೆ ಪೆಟ್ರೋಲ್ ಗರಗಸ ತಂದ. ಮಿಲಿಟರಿಯವರು ಮಾರಿ ಹೋದ ಮಾಲಂತೆ. ಎತ್ತಲು ಇಬ್ಬರು ಬೇಕು: ಒಂದು ತುದಿಗೆ ಇಂಜಿನ್, ಇನ್ನೊಂದು ತುದಿಗೆ ಬರೀ ಒಂದು ಹಿಡಿ, ನಡುವೆ ಹಲ್ಲಿನ ಚೈನು. ನನಗಂತೂ ನೋಡಿದ ಕೂಡಲೇ ಸಿಟ್ಟು ಬಂತು. ಹದಿನೆಂಟು ವರ್ಷ ನಾನೂ ಬಂದೇಸಾಬನೂ ಕೈಗರಗಸದಲ್ಲಿ ಮರ ಕೊಯ್ದವರು. ನಾನು ಎಳೆದರೆ ಅವನು ಸಡಿಲ ಬಿಡುತ್ತಿದ್ದ, ಅವನು ಎಳೆದರೆ ನಾನು. ಅವನನ್ನು ಮಾವ ಅನ್ನುತ್ತಿದ್ದೆ. ಅವನ ಹೆಂಡತಿ ಮಾಸುಂಬಿ ನನ್ನನ್ನು ತಮ್ಮ ಅನ್ನುತ್ತಿದ್ದಳು. ಜಾತಿ ಕೇಳುವವರು ಕೇಳಲಿ, ಅವರಿಗೆ ಬೇರೆ ಕೆಲಸವಿಲ್ಲ.

ಬಂದೇಸಾಬ ಮಾತ್ರ ಯಂತ್ರಕ್ಕೆ ಮರುಳಾದ. ಇಂಜಿನ್ ತುದಿ ಅವನದಾಯಿತು, ಹಿಡಿ ನನ್ನದು. ಪೆಟ್ರೋಲಿಗೆ ಅಳತೆ ಪ್ರಕಾರ ಎಣ್ಣೆ ಬೆರೆಸಿ ಬಟ್ಟೆಯಲ್ಲಿ ಸೋಸುತ್ತಿದ್ದ. ದಿನಾ ಬೆಳಿಗ್ಗೆ ಅರ ಹಿಡಿದು ಒಂದೊಂದೇ ಹಲ್ಲು ಮಸೆಯುತ್ತಿದ್ದ. ಚೈನು ಜೋಲು ಬಿದ್ದರೆ ಬಿಗಿ ಮಾಡಿ, ಎಣ್ಣೆ ಬಿಟ್ಟು, ಕೈಯಿಂದ ಸುತ್ತಿಸಿ ನೋಡುತ್ತಿದ್ದ.

"ಅಕ್ಕನ್ನೂ ಇಷ್ಟು ಜ್ವಾಕಿ ಮಾಡಿಲ್ಲಲ್ಲೋ ಮಾವ," ಅಂದೆ.

"ಆಕಿ ಸಿಟ್ಟಾದ್ರ ಬೈತಾಳ, ಇದು ಕಡೀತೈತಿ," ಅಂತ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, "ಲೇ ಗದ್ದೆಪ್ಪ, ನಾ ಇಂಜಿನ್ ಬಂದ್ ಮಾಡೋತನಕ ನೀ ಹಿಡಿ ಬಿಡಬ್ಯಾಡ."

ಹಾಗೆ ಹೇಳಲು ಕಾರಣವಿತ್ತು. ಕೈಗರಗಸದಲ್ಲಿ ಮರ ಚಟಚಟ ಅಂದ ಕೂಡಲೇ ನಾನು ಹಿಡಿ ಬಿಟ್ಟು ಸರಿಯಬೇಕು, ಅವನು ಗರಗಸ ತನ್ನ ಕಡೆ ಎಳೆದುಕೊಂಡು ಓಡಬೇಕು. ತಡವಾದರೆ ಗರಗಸ ಮರದಡಿ ಸಿಕ್ಕು ಮುರಿಯುತ್ತದೆ. ಅದು ನಮ್ಮ ಕಸುಬಿನ ರೀತಿ. ನಾನು ಒಮ್ಮೆಯೂ ತಡ ಮಾಡಿದವನಲ್ಲ, ಅದೇ ನನ್ನ ಜಂಬ.

ಪಾಮನಕಲ್ಲೂರು ದಾರಿಯಲ್ಲಿ ಒಂದು ಹಳೇ ಬೇವಿನ ಮರ. ಮುಕ್ಕಾಲು ಕೊಯ್ದಾಗ ಅದು ಚಟ್ ಅಂತು. ನಾನು ಹಿಡಿ ಬಿಟ್ಟೆ. ಯೋಚನೆ ಮಾಡಿ ಬಿಟ್ಟದ್ದಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಸುಬಿನ ಗುಣವೂ ಹಾಗೇ. ಇಂಜಿನ್ ಇನ್ನೂ ಓಡುತ್ತಿತ್ತು. ನನ್ನ ಕಡೆಯ ತುದಿ ಗರ್ರನೆ ತಿರುಗಿ ಬಂದೇಸಾಬನ ತೊಡೆಯನ್ನು ಕೊಯ್ದಿತು.

ಧೋತರ ಹರಿದು ಬಿಗಿಯಾಗಿ ಕಟ್ಟಿ, ಬಂಡಿಯಲ್ಲಿ ಹಾಕಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೊರಟೆ. ರಕ್ತ ನಿಲ್ಲಲಿಲ್ಲ.

"ಮಾವ, ನಾ ಹಿಡಿ ಬಿಟ್ಟೆ."

"ಸುಮ್ನಿರಲೇ. ಮಾಸುಂಬಿ ಮುಂದ ಮಾವನ ಕೈಯಾಗಿಂದನ ಜಾರಿತು ಅಂತ ಹೇಳು. ನಿನ್ನ ಮ್ಯಾಲೆ ಸಿಟ್ಟಾದ್ರ ಆಕಿಗೆ ಮತ್ಯಾರದಾರ?"

ನೀರು ಕೇಳಿದ. ಎರಡು ಗುಟುಕು ಕುಡಿದ. ಊರು ಕಾಣುವ ಮೊದಲೇ ಹೋಗಿಬಿಟ್ಟ. ಎದೆ ಬಡಿದುಕೊಂಡು ಅತ್ತೆ. ಮಾಸುಂಬಿಗೆ ಅವನು ಹೇಳಿಕೊಟ್ಟದ್ದನ್ನೇ ಹೇಳಿದೆ.

ನಲವತ್ತನೇ ದಿನ ಆಕೆ ಊಟಕ್ಕೆ ಕರೆಕಳಿಸಿದಳು. ಇವತ್ತು ನಿಜ ಹೇಳಿಯೇ ಬಿಡಬೇಕು ಅಂತ ಹೋದೆ. ಸತ್ತವನಿಗೆ ಓದುವ ಫಾತಿಹಾ ಮುಗಿದು ಬಂದವರೆಲ್ಲ ಎದ್ದು ಹೋದ ಮೇಲೆ ನನ್ನ ಮುಂದೆ ತಾಟು ಇಟ್ಟಳು.

"ಅಕ್ಕಾ, ಆವತ್ತು..."

"ಅವನ ಸುದ್ದಿ ತಗೀಬ್ಯಾಡ ತಮ್ಮಾ," ಅಂದಳು. "ಅಷ್ಟು ಮಸದ, ಅಷ್ಟು ಎಣ್ಣಿ ಹಾಕಿದ, ಗಟ್ಟಿ ಹಿಡಿಯೋದು ಬರಲಿಲ್ಲ ಅವಗ. ತನ್ನ ಕೈಲೆ ತಾನ ಸತ್ತು ನನ್ನ ಬೀದಿಗಿ ಹಾಕಿದ. ಅವಗ ದುವಾ ಬೇಡಾಕ ನನಗ ಬಾಯಿ ಬರವಲ್ದು. ದಿನಾ ನಿನಗ ಬೇಡ್ಕೊಳ್ಳಾಕತ್ತೀನಿ. ಉಣ್ಣು."

ನಿಜ ಹೇಳಿದರೆ ಆಕೆ ಅವನಿಗಾಗಿ ಬೇಡಿಕೊಳ್ಳುತ್ತಿದ್ದಳು. ನನಗೆ ಗೊತ್ತಿತ್ತು.

ತಲೆ ತಗ್ಗಿಸಿ ಉಂಡೆ.